ಕೆಲಸಕ್ಕೆ ಸೇರ್ಲಾ, ಮಾಸ್ಟರ್ಸ್ ಮಾಡ್ಲಾ, ಮನೆ ಬಿಟ್ಟು ಹೋಗ್ಲಾ?

ಪ್ರಶ್ನೆ: ಮೇಡಂ, ನನಗೆ 22 ವರ್ಷ, ಇಂಜಿನಿಯರಿಂಗ್ ಈಗಷ್ಟೇ ಮುಗೀತು. ಬೇರೆ ಊರಲ್ಲಿ ಒಂದು ಡಿಸೈನ್ ಟೀಮಲ್ಲಿ ಕೆಲಸ ಸಿಕ್ಕಿದೆ, ಸಂಬಳ ಜಾಸ್ತಿ ಏನಿಲ್ಲ, ಆದ್ರೆ ಕೆಲಸ ನನಗಿಷ್ಟ. ಅಪ್ಪ ಅಮ್ಮ ಮಾತ್ರ ನಾಲ್ಕು ವರ್ಷ ಓದಿದ್ದು ವೇಸ್ಟ್ ಮಾಡ್ಬೇಡ, ಅದೇ ಸಬ್ಜೆಕ್ಟಲ್ಲಿ ಮಾಸ್ಟರ್ಸ್ ಮಾಡು, ಲೋನ್ ತಗೊಳ್ಳೋಣ, ಮನೇಲೇ ಇದ್ದು ಓದು ಅಂತಾರೆ. ಸೀಟೂ ಸಿಕ್ಕಿದೆ. ನನಗೆ ನನ್ನ ಕಾಲ ಮೇಲೆ ನಿಲ್ಬೇಕು ಅಂತ ಆಸೆ. ಈಗ ತಪ್ಪು ಡಿಸಿಷನ್ ತಗೊಂಡ್ರೆ ಪೂರ್ತಿ ಲೈಫ್ ಹಾಳಾಗುತ್ತೇನೋ ಅಂತ ನಿದ್ದೆ ಬರ್ತಿಲ್ಲ. ಏನ್ ಮಾಡ್ಲಿ?

ಉತ್ತರ: ನಿಮ್ಮ ಪತ್ರ ಓದ್ತಿದ್ದ ಹಾಗೇ ನನಗೆ ಅನಿಸಿದ್ದು, ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆ ಇದೆ, ನೀವು ಮೂರನ್ನೂ ಸೇರಿಸಿ ಒಂದೇ ಗಂಟು ಹಾಕ್ಬಿಟ್ಟಿದೀರ. ಯಾವ ಕೆಲಸ, ಮುಂದೆ ಓದಬೇಕಾ, ಮನೇಲಿರಬೇಕಾ ಬೇಡ್ವಾ. ನನ್ನ ಹತ್ರ ಬರೋ ಎಷ್ಟೋ ಹುಡುಗ ಹುಡುಗೀರು ಮನೆಯಿಂದ ಆಚೆ ಹೋಗೋಕೆ ಅಂತಾನೇ ಸಿಕ್ಕಿದ ಕೆಲಸಕ್ಕೆ ಸೇರ್ತಾರೆ, ಇನ್ನು ಕೆಲವರು ಆಚೆ ಹೋಗೋಕೆ ಭಯ ಆಗಿ ಇಷ್ಟ ಇಲ್ಲದ ಕೋರ್ಸಿಗೆ ಸೇರ್ತಾರೆ. ಅದಕ್ಕೇ ಮೊದಲು ಇದೊಂದು ಕೇಳ್ಕೊಳ್ಳಿ: ಇದೇ ಕೆಲಸ ನಿಮ್ಮ ಮನೆ ಪಕ್ಕದಲ್ಲೇ ಸಿಕ್ಕಿದ್ರೂ ಸೇರ್ತಿದ್ರಾ? ಹೌದು ಅಂದ್ರೆ ನಿಮಗೆ ಬೇಕಾಗಿರೋದು ಆ ಕೆಲಸಾನೇ. ಇಲ್ಲ ಅಂದ್ರೆ ನಿಮಗೆ ಬೇಕಾಗಿರೋದು ಸ್ವಾತಂತ್ರ್ಯ, ಅದಕ್ಕೆ ಬೇರೆ ದಾರೀನೂ ಇದೆ.

ಇನ್ನು 'ನಾಲ್ಕು ವರ್ಷ ವೇಸ್ಟ್' ಅನ್ನೋ ಮಾತು. ಅಪ್ಪ ಅಮ್ಮ ಪ್ರೀತಿಯಿಂದಾನೇ ಹೇಳ್ತಾರೆ, ಆದ್ರೆ ಲೆಕ್ಕ ತಪ್ಪು. 1985ರಲ್ಲಿ ಆರ್ಕೆಸ್ ಮತ್ತು ಬ್ಲೂಮರ್ ಅನ್ನೋ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ರು, ನಾಟಕದ ಸೀಸನ್ ಟಿಕೆಟ್ ತಗೊಂಡವರಲ್ಲಿ ಕೆಲವರಿಗೆ ಪೂರ್ತಿ ರೇಟು, ಕೆಲವರಿಗೆ ಡಿಸ್ಕೌಂಟ್, ಯಾರಿಗೆ ಯಾವ್ದು ಅನ್ನೋದು ಲಾಟರಿ ಥರ. ನೋಡೋ ನಾಟಕ ಅವೇ, ಆದ್ರೂ ಪೂರ್ತಿ ದುಡ್ಡು ಕೊಟ್ಟವರು ಮೊದಲ ಕೆಲವು ತಿಂಗಳು ಜಾಸ್ತಿ ಸಲ ಹೋದ್ರು. ಕೊಟ್ಟಾಗಿದೆಯಲ್ಲ ಅನ್ನೋದೇ ಎಳ್ಕೊಂಡು ಹೋಗುತ್ತೆ. ನೀವು ಓದಿದ ನಾಲ್ಕು ವರ್ಷ ಮಾಸ್ಟರ್ಸ್ ಮಾಡಿದ್ರೂ ವಾಪಸ್ ಬರಲ್ಲ, ಮಾಡದೇ ಇದ್ರೂ ಕಲಿತಿದ್ದು ಎಲ್ಲೂ ಹೋಗಲ್ಲ. ನೋಡ್ಬೇಕಾಗಿರೋದು ಮುಂದಿನ ಎರಡು ವರ್ಷ ಮಾತ್ರ.

ಅದನ್ನ ನೋಡೋದು ಹೇಗೆ ಅಂದ್ರೆ, ಒಂದು ಸಂಜೆ ಕೂತ್ಕೊಳ್ಳಿ. ಐದು ವರ್ಷ ಆದ್ಮೇಲೆ ನೀವು ಮಾಡೋಕೆ ಇಷ್ಟಪಡೋ ಕೆಲಸದ ಹತ್ತು ಜಾಬ್ ಪೋಸ್ಟಿಂಗ್ ಓಪನ್ ಮಾಡಿ, ಈಗ ಸಿಗೋದಲ್ಲ, ಆಮೇಲೆ ಬೇಕಾಗಿರೋದು. ಒಂದೊಂದರಲ್ಲೂ ಕ್ವಾಲಿಫಿಕೇಶನ್ ಅನ್ನೋ ಜಾಗದಲ್ಲಿ ಏನಿದೆ ಬರ್ಕೊಳ್ಳಿ: ಮಾಸ್ಟರ್ಸ್ ಕಡ್ಡಾಯ ಅಂದಿದಾರಾ, ಇದ್ರೆ ಒಳ್ಳೇದು ಅಂದಿದಾರಾ, ಇಲ್ಲಾ ಇಷ್ಟು ವರ್ಷ ಅನುಭವ ಮತ್ತೆ ಮಾಡಿರೋ ಕೆಲಸದ ಸ್ಯಾಂಪಲ್ಸ್ ಕೇಳಿದಾರಾ. ಡಿಸೈನ್ ಫೀಲ್ಡಲ್ಲಿ ಪೋರ್ಟ್‌ಫೋಲಿಯೋಗೆ ತುಂಬಾ ಬೆಲೆ, ರಿಸರ್ಚ್ ಅಥವಾ ಟೀಚಿಂಗ್ ಕಡೆ ಹೋಗೋದಾದ್ರೆ ಸಾಮಾನ್ಯವಾಗಿ ಮಾಸ್ಟರ್ಸ್ ಇಲ್ಲದೆ ಬಾಗಿಲೇ ತೆಗೆಯಲ್ಲ. ಆ ಹಾಳೆ ಅಪ್ಪ ಅಮ್ಮನ ಮುಂದೆ ಇಟ್ಟು ಮಾತಾಡಿ, 'ನನಗಿಷ್ಟ ಇಲ್ಲ' ಅನ್ನೋದಕ್ಕಿಂತ ಅದು ಅವರಿಗೆ ಎಷ್ಟೋ ಪಾಲು ಚೆನ್ನಾಗಿ ಕೇಳಿಸುತ್ತೆ.

ಲೋನ್ ವಿಷಯ ಸ್ವಲ್ಪ ನಿಧಾನವಾಗಿ ಯೋಚಿಸಿ, ದಯವಿಟ್ಟು. ಓದುವಾಗ ಕಂತು ಕಟ್ಟಬೇಕಾಗಿಲ್ಲ ಅಂದ ತಕ್ಷಣ ಬಡ್ಡೀನೂ ಇಲ್ಲ ಅಂತ ತುಂಬಾ ಜನ ಅನ್ಕೊಳ್ತಾರೆ. ಸಾಮಾನ್ಯವಾಗಿ ಬಡ್ಡಿ ಓಡ್ತಾನೇ ಇರುತ್ತೆ. ಪೂರ್ತಿ ಸಾಲ ಶುರುವಲ್ಲೇ ತಗೊಂಡು, ವರ್ಷಕ್ಕೆ 10% ಬಡ್ಡಿ, ಎರಡು ವರ್ಷ ಏನೂ ಕಟ್ಟದೆ ಅದು ವರ್ಷಾವರ್ಷ ಅಸಲಿಗೆ ಸೇರ್ತಾ ಹೋದ್ರೆ 100 ಇದ್ದದ್ದು 121 ಆಗಿರುತ್ತೆ, ನಿಮ್ಮ ಮೊದಲ ಸಂಬಳ ಬರೋ ಮುಂಚೇನೇ. ಇಷ್ಟ ಇರೋ ಕೋರ್ಸಿಗೆ ಅದು ತೆಗೆದುಕೊಳ್ಳಬಹುದಾದ ರಿಸ್ಕ್. ಬೇರೆಯವರ ಸಮಾಧಾನಕ್ಕೆ ಮಾಡೋ ಕೋರ್ಸಿಗೆ ನಾನಂತೂ ಬೇಡ ಅಂತೀನಿ.

ಹಾಗಂತ ಕೆಲಸಕ್ಕೆ ಸೇರಿದ ತಕ್ಷಣ ಸ್ವಾತಂತ್ರ್ಯ ಬಂತು ಅಂತಲೂ ಅಲ್ಲ. ಬಾಡಿಗೆ, ಊಟ, ಓಡಾಟ, ಫೋನು, ಹುಷಾರಿಲ್ಲದಾಗ ಆಗೋ ಖರ್ಚು ಎಲ್ಲ ಬರ್ದು ನೋಡಿ, ಮೊದಲ ತಿಂಗಳು ಅಡ್ವಾನ್ಸು ಸಾಮಾನು ಅಂತ ಇನ್ನೂ ಜಾಸ್ತಿ ಆಗುತ್ತೆ. ಮೂರು ತಿಂಗಳ ಖರ್ಚಿನಷ್ಟು ದುಡ್ಡು ಪಕ್ಕಕ್ಕೆ ಬೀಳೋವರೆಗೂ ರೂಮ್ ಶೇರ್ ಮಾಡಿ ಇರಿ, ಒಬ್ಬರೇ ದೊಡ್ಡ ಮನೆ ಹಿಡಿಯೋ ಆಸೆ ಈಗ್ಲೇ ಬೇಡ. ಕಷ್ಟ ಬಂದಾಗ ಮನೆಗೆ ಫೋನ್ ಮಾಡಿದ್ರೆ ಸೋತ ಹಾಗೆ ಅಂತ ಅನ್ಕೋಬೇಡಿ.

ಲೈಫ್ ಹಾಳಾಗುತ್ತೆ ಅನ್ನೋ ಭಯಕ್ಕೆ ಹೇಳ್ತೀನಿ. ಜೆಫ್ರಿ ಆರ್ನೆಟ್ ಅನ್ನೋ ಮನಶ್ಶಾಸ್ತ್ರಜ್ಞ 2000ರಲ್ಲಿ ಬರೆದ ಲೇಖನದಲ್ಲಿ 18ರಿಂದ 25ರವರೆಗಿನ ವಯಸ್ಸನ್ನ ಬೇರೆಯದೇ ಹಂತ ಅಂತ ಕರೆದ್ರು, ಹುಡುಕಾಟ ಮತ್ತೆ ಬದಲಾವಣೆ ತುಂಬಾ ಇರೋ ಹಂತ. ಅಂದ್ರೆ ಈ ವಯಸ್ಸಲ್ಲಿ ದಾರಿ ಬದಲಾಯಿಸೋದು ಸಹಜ, ಹಾಗಾಗಿ ಯಾವ ಡಿಸಿಷನ್ ವಾಪಸ್ ತಗೋಬಹುದು ಅಂತ ನೋಡಿ. ಕೆಲಸ ಒಂದು ವರ್ಷ ಮಾಡಿ ಬಿಟ್ಟು ಓದೋಕೆ ಹೋಗಬಹುದು, ಸಾಲ ತಗೊಂಡ್ಮೇಲೆ ತೀರಿಸಲೇಬೇಕು. ಅದಕ್ಕೇ ನಾನು ಕೆಲಸದ ಕಡೆ ವಾಲ್ತೀನಿ, ಆದ್ರೆ ಸೀಟು ಈಗ್ಲೇ ಬಿಡಬೇಡಿ. ಅಡ್ಮಿಷನ್ ಒಂದು ವರ್ಷ ಮುಂದಕ್ಕೆ ಹಾಕೋಕೆ ಆಗುತ್ತಾ ಅಂತ ಕಾಲೇಜಿಗೆ ಇಮೇಲ್ ಮಾಡಿ, ಫೋನಲ್ಲಿ ಹೇಳಿದ್ದು ಸಾಲಲ್ಲ. ಕಂಪನಿಗೂ ಬರೆದು ಬಾಂಡ್, ಅಂದ್ರೆ ಇಷ್ಟು ದಿನ ಕೆಲಸ ಬಿಡೋ ಹಾಗಿಲ್ಲ ಅನ್ನೋ ಕರಾರು, ಇದೆಯಾ, ಪ್ರೊಬೇಷನ್ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ಅಂತ ಕೇಳಿ. ಈ ವಾರಾನೇ ಕಳಿಸಿ, ಫೀಸ್ ಕಟ್ಟೋ ಕೊನೇ ದಿನಕ್ಕೆ ಮುಂಚೆ ಎರಡೂ ಉತ್ತರ ನಿಮ್ಮ ಕೈಲಿರಬೇಕು.