ಮನೆಯ ಫೋಟೊ, ವಿಡಿಯೊಗಳಿಗೆ ಮೊದಲ ನ್ಯಾಸ್

ಪ್ರಶ್ನೆ: ಕುಟುಂಬದ ಫೋಟೊ, ವಿಡಿಯೊಗಳನ್ನು ಮನೆಯವರೆಲ್ಲರೂ ನೋಡುವಂತೆ ಒಂದೆಡೆ ಇಡಲು ನ್ಯಾಸ್ (ಮನೆಯ ನೆಟ್‌ವರ್ಕ್‌ಗೆ ಜೋಡಿಸಿ ಎಲ್ಲರೂ ಬಳಸುವ ಸಂಗ್ರಹ ಸಾಧನ) ಕೊಳ್ಳಬೇಕೆಂದಿದ್ದೇನೆ. ಒಂದೇ ಡಿಸ್ಕ್‌ನ ಸಾಧನ ಸಾಕೇ?

ಉತ್ತರ: ಎರಡು ಡಿಸ್ಕ್ ಹಿಡಿಸುವ ಸಾಧನವನ್ನೇ ಆರಿಸಿಕೊಳ್ಳಿ. ತಲಾ 4 ಟಿಬಿಯ ಎರಡು ಡಿಸ್ಕ್‌ಗಳನ್ನು ರೇಡ್ 1 ಕ್ರಮದಲ್ಲಿ, ಅಂದರೆ ಎರಡರಲ್ಲೂ ಒಂದೇ ಮಾಹಿತಿ ದಾಖಲಾಗುವಂತೆ, ಜೋಡಿಸಿದರೆ ಬಳಕೆಗೆ ಸಿಗುವುದು ಒಂದರಷ್ಟೇ ಜಾಗವಾದರೂ, ಒಂದು ಕೆಟ್ಟಾಗ ಇನ್ನೊಂದರಲ್ಲಿ ಎಲ್ಲವೂ ಉಳಿದಿರುತ್ತದೆ. ಆದರೆ ದಯವಿಟ್ಟು ಇದನ್ನೇ ಬ್ಯಾಕಪ್ ಎಂದು ನಂಬಿ ಕೂರಬೇಡಿ: ಮಗುವಿನ ಮೊದಲ ಹೆಜ್ಜೆಯ ವಿಡಿಯೊವನ್ನು ಯಾರಾದರೂ ಕೈತಪ್ಪಿ ಅಳಿಸಿದರೆ ಅದು ಎರಡೂ ಡಿಸ್ಕ್‌ಗಳಿಂದ ಒಟ್ಟಿಗೇ ಹೋಗುತ್ತದೆ, ಆದ್ದರಿಂದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದರಲ್ಲಿ ಆಗಾಗ ಪ್ರತಿ ತೆಗೆದು, ಅದನ್ನು ಬಂಧುಗಳ ಮನೆಯಲ್ಲಿರಿಸುವುದು ಅಗತ್ಯ. ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಬಗೆಯದನ್ನು (ದಾಖಲೆಯ ಪಥಗಳು ಒಂದರ ಮೇಲೊಂದು ಸ್ವಲ್ಪ ಹೊದ್ದಿದ್ದು, ಮತ್ತೆ ಮತ್ತೆ ಬರೆಯುವಾಗ ನಿಧಾನವಾಗುವಂಥದ್ದು) ಬಿಟ್ಟು, ಪಥಗಳು ಬೇರೆಬೇರೆಯಾಗಿರುವ ಸಿಎಂಆರ್ ಬಗೆಯದನ್ನೇ ಕೇಳಿ. ಸಾಧನವನ್ನು ರೌಟರ್‌ಗೆ ಕೇಬಲ್ ಮೂಲಕ ಜೋಡಿಸಿ.