ಊರಿನ ತರಕಾರಿ ಕೊಂಡರೆ ಸಾಕಾ?

ಶಿವಮೊಗ್ಗದ ಸಂತೆಯಲ್ಲಿ ಸಾವಯವ, ಊರಿನದ್ದೇ ತರಕಾರಿ ನೋಡಿ ತರುತ್ತೀರಿ. ಊಟ ಮಾತ್ರ ಮೊದಲಿನ ಹಾಗೇ ಇದೆ, ಇದರಿಂದ ಪರಿಸರಕ್ಕೆ ಲಾಭ ಇದೆಯಾ ಅಂತ ಕೇಳಿದ್ದೀರಿ. ಇದೆ, ಆದರೆ ನೀವಂದುಕೊಂಡಷ್ಟಿಲ್ಲ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ 119 ದೇಶಗಳ ಹೊಲಗಳ ಅಧ್ಯಯನ ಬಂದಿತ್ತು. ಅದರ ಲೆಕ್ಕದಲ್ಲಿ, ಆಹಾರದಿಂದಾಗುವ ಹಸಿರುಮನೆ ಅನಿಲದಲ್ಲಿ (ಭೂಮಿಯ ಬಿಸಿ ಏರಿಸೋ ಅನಿಲ) ಸಾಗಾಟದ ಪಾಲು ನೂರಕ್ಕೆ 6ರ ಆಸುಪಾಸು ಅಷ್ಟೇ. ಎಲ್ಲಿಂದ ಬಂತು ಅನ್ನೋದಕ್ಕಿಂತ ಏನು ತಿನ್ನುತ್ತೇವೆ ಅನ್ನೋದೇ ಜಾಸ್ತಿ ತೂಗುತ್ತದೆ. ನಮ್ಮ ಅನ್ನವೂ ಪೂರ್ತಿ ನಿರಪರಾಧಿಯಲ್ಲ, ನೀರು ನಿಂತ ಗದ್ದೆಯಿಂದ ಮೀಥೇನ್ ಬರುತ್ತದೆ, ಅದೂ ಹಸಿರುಮನೆ ಅನಿಲವೇ. (ಹಾಗಂತ ಅನ್ನ ಬಿಡಿ ಅನ್ನಲ್ಲ, ನನಗೇ ಆಗಲ್ಲ!)

ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಹೂಕೋಸು ತರೋದು ನಿಲ್ಲಿಸಿದೆವು, ಅಷ್ಟೇ. ಆ ಜಾಗಕ್ಕೆ ಹಿತ್ತಲ ಕೆಸುವಿನೆಲೆಯ ಪತ್ರೊಡೆ, ಒಂದೆಲಗದ ತಂಬುಳಿ ತಾನಾಗೇ ಬಂತು. ಬೇಸಿಗೆಯಲ್ಲಿ ಅತ್ತೆ ಕೆಮ್ಮಣ್ಣು ಹಚ್ಚಿ ಒಣಗಿಸಿಟ್ಟ ಹಲಸಿನ ಬೀಜ ಮೂಲೆಯಲ್ಲಿ ಸುಮ್ನೆ ಬಿದ್ದಿರುತ್ತಿತ್ತು. ಈಗ ತೊಳೆದು ಬೇಯಿಸಿ ಹುಳಿಗೆ ಹಾಕುತ್ತೇವೆ, ಬೇಳೆಯೂ ಉಳಿಯಿತು.

ಕಾಡಿನದ್ದು ಅಂದ ಮಾತ್ರಕ್ಕೆ ಒಳ್ಳೆಯದಲ್ಲ, ಅಲ್ವಾ? ಉಪ್ಪಿನಕಾಯಿಗೆ ಅಪ್ಪೆಮಿಡಿ (ಕಾಡುಮಾವಿನ ಮಿಡಿ) ಕೊಳ್ಳುವಾಗ ಮರ ಹತ್ತಿ ಕೊಯ್ದದ್ದಾ, ಕೊಂಬೆ ಕಡಿದು ಬೀಳಿಸಿದ್ದಾ ಅಂತ ಒಂದು ಮಾತು ಕೇಳಿ.