ನೀವು ನಿಂತಿದ್ದ ಕಲ್ಲಿನ ಚಿತ್ರ ಯಾರದ್ದು?

ನಮಸ್ಕಾರ.

ನಿಮ್ಮ 'ಸಂಸ್ಕೃತಿಗಳ ಸಂಗಮ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ತಿರುಗಿ ಬರೆಯಿರಿ ಎಂದು ಕೇಳುವಷ್ಟು ಸರಕು ಇದರಲ್ಲಿದೆ. ಅದಕ್ಕೇ ಪತ್ರ ಸ್ವಲ್ಪ ಉದ್ದವಾಗಿದೆ.

ಆಸ್ಟ್ರೇಲಿಯಾದ ಚಿತ್ರಕಾರ ಇಮಾಂಟ್ಸ್ ಟಿಲ್ಲರ್ಸ್ ಅವರ ಪರಿಚಯ ಚೆನ್ನಾಗಿದೆ. ಲಾಟ್ವಿಯಾದಿಂದ ವಲಸೆ ಬಂದವರ ಮಗ, ಸಿಡ್ನಿಯಲ್ಲಿ ಹುಟ್ಟಿದವರು. ಬೇರೆಯವರ ಚಿತ್ರಗಳ ಅಚ್ಚಾದ ಪ್ರತಿಗಳನ್ನು ನೋಡಿಕೊಂಡು, ಪುಟ್ಟ ಪುಟ್ಟ ಕ್ಯಾನ್ವಾಸ್ ಹಲಗೆಗಳ ಮೇಲೆ ಬರೆದು ಜೋಡಿಸುವವರು. ಇಲ್ಲಿಯವರೆಗೆ ಸರಿ. ಆಮೇಲೆ ಅವರ 1985ರ ಚಿತ್ರ 'ದ ನೈನ್ ಶಾಟ್ಸ್' ಬರುತ್ತದೆ. ಅದನ್ನು ನೀವು "ಮೂಲನಿವಾಸಿ ಕಲೆಯಿಂದ ಸ್ಫೂರ್ತಿ ಪಡೆದ ಕೃತಿ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ.

ಯಾವ ಮೂಲನಿವಾಸಿ ಕಲೆ? ಆ ಚಿತ್ರಕ್ಕೊಂದು ಹೆಸರಿದೆ, ಬರೆದವರಿಗೂ ಹೆಸರಿದೆ. 'ಫೈವ್ ಸ್ಟೋರೀಸ್', 1984. ಬರೆದವರು ಮೈಕೆಲ್ ನೆಲ್ಸನ್ ಜಗಮಾರಾ, ಮಧ್ಯ ಆಸ್ಟ್ರೇಲಿಯಾದ ಪಪುನ್ಯಾ ಊರಿನ, ವಾರ್ಲ್ಪಿರಿ ಎಂಬ ಮೂಲನಿವಾಸಿ ಜನಾಂಗದ ಕಲಾವಿದ. ಟಿಲ್ಲರ್ಸ್ ಅದರ ಸುತ್ತುಗಳನ್ನು ಎತ್ತಿಕೊಂಡು ಜರ್ಮನಿಯ ಚಿತ್ರಕಾರ ಬಾಸೆಲಿಟ್ಸ್ ಬರೆದ ಮನುಷ್ಯನೊಬ್ಬನ ಜೊತೆ ಸೇರಿಸಿದರು. ಜಗಮಾರಾ ಅವರನ್ನು ಒಂದು ಮಾತು ಕೇಳಲಿಲ್ಲ. ನೀವು ಬಾಸೆಲಿಟ್ಸ್ ಹೆಸರನ್ನು ಬರೆದಿದ್ದೀರಿ, ಜಗಮಾರಾ ಹೆಸರನ್ನು ಬಿಟ್ಟಿದ್ದೀರಿ. ಬೇಕಂತಲೇ ಅಲ್ಲ, ಗೊತ್ತು. ಆದರೆ ಆ ಚಿತ್ರದ ಬಗ್ಗೆ ಜಗಳ ಹುಟ್ಟಿದ್ದೇ ಇಲ್ಲಿ ಅಲ್ವಾ?

ಜಗಮಾರಾ ಅವರಂಥವರ ಚಿತ್ರಗಳ ಹಿಂದಿರುವ 'ಡ್ರೀಮಿಂಗ್' ಪದವನ್ನು ನೀವು 'ಕನಸು' ಮಾಡಿಬಿಟ್ಟಿದ್ದೀರಿ. ಹಾಗಾಗಿ ಜಗಮಾರಾ ಕಡೆಯವರು ರಾತ್ರಿ ಕಂಡ ಕನಸುಗಳನ್ನು ಬರೆಯುತ್ತಾರೆ ಅನ್ನಿಸುತ್ತದೆ. ಅದು ಹಾಗಲ್ಲ. ಈ ಬಂಡೆ, ಈ ನೀರಿನ ಗುಂಡಿ, ಇಲ್ಲಿ ಹಾದುಹೋದ ಪೂರ್ವಿಕರು, ಅವರು ಬಿಟ್ಟುಹೋದ ಕಟ್ಟುಪಾಡು, ಎಲ್ಲ ಸೇರಿದ್ದು. ನಮ್ಮ ಸ್ಥಳಪುರಾಣ ಸ್ವಲ್ಪ ಹತ್ತಿರ ಬರುತ್ತದೆ, ಪೂರ್ತಿ ಅಲ್ಲ. ಯಾವ ಕಥೆಯನ್ನು ಯಾರು ಬರೆಯಬಹುದು ಅನ್ನುವುದು ವಂಶದಿಂದ, ನೆಲದಿಂದ ಬರುತ್ತದೆ. ಪಕ್ಕದವನ ಕಥೆಯನ್ನು ಅವನ ಒಪ್ಪಿಗೆ ಕೇಳದೆ ಅವರೇ ಬರೆಯುವುದಿಲ್ಲ. ಇದನ್ನು ಹೇಳದೆ ಹೋದರೆ ಟಿಲ್ಲರ್ಸ್ ಮಾಡಿದ್ದರಲ್ಲಿ ತಪ್ಪೇನು ಅಂತ ಓದುಗರಿಗೆ ಹೊಳೆಯುವುದೇ ಇಲ್ಲ.

ಗಾರ್ಡನ್ ಬೆನೆಟ್ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ! ತಾಯಿಯ ಕಡೆಯಿಂದ ಮೂಲನಿವಾಸಿಯಾದ ಈ ಕಲಾವಿದ 1990ರಲ್ಲಿ 'ದ ನೈನ್ ರಿಕೋಶೆಟ್ಸ್' ಬರೆದರು. ರಿಕೋಶೆಟ್ ಅಂದರೆ ಗೋಡೆಗೆ ಬಡಿದು ವಾಪಸ್ ಚಿಮ್ಮುವ ಗುಂಡು. ಟಿಲ್ಲರ್ಸ್ ಅವರ ಹಲಗೆ ಜೋಡಿಸುವ ವರಸೆಯನ್ನೇ ಎತ್ತಿಕೊಂಡು ಅವರಿಗೇ ತಿರುಗಿಸಿದರು. 'ಸಂವಾದ' ಎಂದು ನೀವು ಹನ್ನೊಂದು ಸಲ ಬರೆದಿದ್ದೀರಿ. ಇಬ್ಬರು ಮಾತಾಡಿದ್ದು ಎಲ್ಲೂ ಕಾಣಲಿಲ್ಲ. ಇಲ್ಲಿದೆ ನೋಡಿ, ಬೈಗುಳದ ರೂಪದಲ್ಲಿ.

ಇನ್ನು ನನಗೆ ನಗು ಬಂದ ಜಾಗ. ಕ್ಯಾನ್‌ಬೆರಾಗೆ ಹೋಗಿ ಪಾರ್ಲಿಮೆಂಟ್ ಮುಂದಿನ ಅಂಗಳದಲ್ಲಿ "ರಂಗೋಲಿಯಂಥ" ಮೊಸಾಯಿಕ್ ಮೇಲೆ ನಿಂತು ಸೆಲ್ಫಿ ತೆಗೆದುಕೊಂಡೆ ಎಂದು ಬರೆದಿದ್ದೀರಿ. ಸ್ವಾಮಿ, ಅದು ಜಗಮಾರಾ ಅವರದ್ದೇ ವಿನ್ಯಾಸ! 196 ಚದರ ಮೀಟರ್, ಸುಮಾರು 90,000 ಗ್ರಾನೈಟ್ ತುಂಡು, 1988ರಲ್ಲಿ ಕಟ್ಟಡದ ಉದ್ಘಾಟನೆ ಆದಾಗಿನಿಂದ ಅಲ್ಲೇ ಇದೆ. 1993ರಲ್ಲಿ ಭೂಮಿ ಹಕ್ಕಿನ ವಿಷಯಕ್ಕೆ ಸರ್ಕಾರದ ಮೇಲೆ ಸಿಟ್ಟಾಗಿ, ಅದರಿಂದ ಒಂದು ಕಲ್ಲನ್ನು ಅವರೇ ಕಿತ್ತು ತೆಗೆದರು. ನಿಮ್ಮ ಲೇಖನ ಶುರುವಾಗಬೇಕಾದ್ದು ಆ ಕಲ್ಲಿನಿಂದ, "ಕಲೆಗೆ ಗಡಿಗಳಿಲ್ಲ" ಅನ್ನುವ ಸಾಲಿನಿಂದ ಅಲ್ಲ. ಆ ಸಾಲನ್ನು ಸುಮ್ನೆ ಹೊಡೆದು ಹಾಕಿ. ಗಡಿ ಇತ್ತು, ಟಿಲ್ಲರ್ಸ್ ದಾಟಿದರು, ಏಟು ತಿಂದರು.

ಆದರೆ ಅವರನ್ನು ಖಳನಾಯಕ ಮಾಡಲೂ ಹೋಗಬೇಡಿ. 2001ರಿಂದ ಅವರೂ ಜಗಮಾರಾ ಅವರೂ ಸೇರಿ ಚಿತ್ರ ಮಾಡಿದರು, ಇಬ್ಬರ ಹೆಸರಿನಲ್ಲಿ. ಹದಿನಾರು ವರ್ಷ ತಡವಾಗಿ ಕೇಳಿದ ಮಾತು ಅದು. ನೀವು ಇದಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ. ನನಗೆ ಒಂದು ಪುಟ ಬೇಕು.

ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿ. ಸೆಲ್ಫಿ ಬೇಡ. ಕಾಲಡಿಯ ಕಲ್ಲು ಕಾಣುವ ಫೋಟೋ ಇದ್ದರೆ ಜೊತೆಗಿಡಿ.